ಸಂವಿಧಾನ ಕಾನೂನಿನ ಪ್ರಬಂಧಕ್ಕೆ ಅಂಕ ಹಾಕುವ ಬಗೆ: ಹೊಸ ಅಧ್ಯಾಪಕರಿಗೊಂದು ಮಾರ್ಗದರ್ಶಿ

ಸಂವಿಧಾನ ಕಾನೂನಿನ ಪ್ರಬಂಧಗಳನ್ನು ತಿದ್ದಲು ಮೊದಲ ಸಲ ಕೂತ ಅಧ್ಯಾಪಕರನ್ನು ಬಹಳ ಬೇಗ ಕಾಡುವ ತೊಡಕೊಂದಿದೆ. ಒಂದೇ ಪ್ರಶ್ನೆಗೆ ಇಬ್ಬರು ವಿದ್ಯಾರ್ಥಿಗಳು ತದ್ವಿರುದ್ಧ ತೀರ್ಮಾನ ಬರೆದಿರುತ್ತಾರೆ. ಇಬ್ಬರಿಗೂ ಒಳ್ಳೆಯ ಅಂಕ ಸಲ್ಲಬಹುದು, ಇಬ್ಬರಿಗೂ ಸಲ್ಲದೆಯೂ ಇರಬಹುದು. ಗಣಿತದ ಉತ್ತರದಂತೆ ಕೊನೆಯ ಸಾಲು ನೋಡಿ ಗೀಟು ಎಳೆಯುವಂತಿಲ್ಲ. ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯಿದೆಯೇ ಎಂಬ ಕೇಶವಾನಂದ ಭಾರತಿ ಪ್ರಕರಣದ ತೀರ್ಪು 1973ರ ಏಪ್ರಿಲ್ 24ರಂದು ಬಂದಾಗ ಹದಿಮೂರು ನ್ಯಾಯಮೂರ್ತಿಗಳ ಪೀಠವೇ 7-6ರಲ್ಲಿ ಒಡೆದಿತ್ತು. ಹೀಗಿರುವಾಗ ಆ ಆರು ಮಂದಿಯ ಪಕ್ಷ ವಹಿಸಿ ವಾದಿಸಿದ್ದಾನೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯ ಅಂಕ ಕತ್ತರಿಸಲು ನಮಗೆ ಯಾವ ಆಧಾರವೂ ಇಲ್ಲ. ನಾವು ಅಂಕ ಕೊಡುವುದು ಆತ ತೀರ್ಮಾನಕ್ಕೆ ನಡೆದು ಬಂದ ದಾರಿಗೆ. ಆ ದಾರಿಯನ್ನು ಅಳೆಯುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ತಿದ್ದುವವರಿಗಾಗಿ ಬರೆದದ್ದಾದರೂ ಬರೆಯುವವರು ಓದಿಕೊಂಡರೆ ನಷ್ಟವೇನೂ ಇಲ್ಲ.

ಮೊದಲು ನೀವೇ ಉತ್ತರ ಬರೆಯಿರಿ

ಪ್ರಶ್ನೆ ತಯಾರಿಸಿದವರು ನೀವೇ ಆಗಿದ್ದರೂ, ಉತ್ತರಗಳ ಕಟ್ಟು ಬಿಚ್ಚುವ ಮುನ್ನ, ಪುಸ್ತಕ ಮುಚ್ಚಿಟ್ಟು, ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಎಷ್ಟು ಸಮಯ ಸಿಗುತ್ತದೋ ಅಷ್ಟೇ ಸಮಯದಲ್ಲಿ ಅದಕ್ಕೆ ಉತ್ತರ ಬರೆದು ನೋಡಿ. ಉದಾಹರಣೆಗೆ 20 ಅಂಕದ ಈ ಪ್ರಶ್ನೆಯನ್ನು ತೆಗೆದುಕೊಳ್ಳೋಣ: ‘ಸಾರ್ವಜನಿಕ ಹಿತಕ್ಕೆ ಧಕ್ಕೆ ತರುವ ಯಾವುದೇ ಭಿತ್ತಿಪತ್ರವನ್ನು ತೊಂಬತ್ತು ದಿನಗಳವರೆಗೆ ನಿಷೇಧಿಸುವ ಅಧಿಕಾರವನ್ನು ರಾಜ್ಯವೊಂದರ ಕಾಯ್ದೆಯು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಕುಡಿಯುವ ನೀರಿನ ಅಭಾವವನ್ನು ಟೀಕಿಸಿ ನಾಗರಿಕರ ಗುಂಪೊಂದು ಅಂಟಿಸಿದ ಭಿತ್ತಿಪತ್ರಗಳನ್ನು ಜಿಲ್ಲಾಧಿಕಾರಿ ನಿಷೇಧಿಸಿದ್ದಾರೆ. ಕಾಯ್ದೆಯ ಹಾಗೂ ಆದೇಶದ ಸಿಂಧುತ್ವವನ್ನು ಚರ್ಚಿಸಿ.’

ಬರೆಯಲು ಕೂತಾಗಲೇ ಈ ಪ್ರಶ್ನೆಯ ಹೊಟ್ಟೆಯಲ್ಲಿ ಎಷ್ಟು ಪ್ರಶ್ನೆಗಳಿವೆ ಎಂಬುದು ಕಾಣುತ್ತದೆ. ಕಾಯ್ದೆಯೇ ಅಸಿಂಧುವೆಂಬುದು ಒಂದು ವಾದ. ಕಾಯ್ದೆ ಸಿಂಧುವಾಗಿದ್ದರೂ ಈ ಆದೇಶ ನಿಲ್ಲುವುದಿಲ್ಲ ಎಂಬುದು ಬೇರೆಯೇ ವಾದ. ನಿರ್ಬಂಧದ ಆಧಾರ ಸಂವಿಧಾನದ ಪಟ್ಟಿಯಲ್ಲಿದೆಯೇ, ‘ಸಾರ್ವಜನಿಕ ಹಿತ’ ಎಂಬ ಪದ ತೀರಾ ಅಸ್ಪಷ್ಟವೇ, ತೊಂಬತ್ತು ದಿನಗಳ ಅವಧಿ ಅತಿಯಾಯಿತೇ, ಆದೇಶಕ್ಕೆ ಮೊದಲು ಆ ಗುಂಪಿನ ಮಾತು ಕೇಳಬೇಕಿತ್ತೇ ಎಂಬವು ಒಂದೊಂದೂ ಸ್ವತಂತ್ರ ಪ್ರಶ್ನೆಗಳು. ಅರ್ಧ ಗಂಟೆಯಲ್ಲಿ ನಿಮಗೇ ಎಲ್ಲವನ್ನೂ ಬರೆಯಲಾಗದಿದ್ದರೆ, ಪೂರ್ಣ ಅಂಕಕ್ಕೆ ವಿದ್ಯಾರ್ಥಿ ಎಲ್ಲವನ್ನೂ ಬರೆದಿರಲೇಬೇಕೆಂದು ನಿರೀಕ್ಷಿಸಬೇಡಿ.

ಅಂಕಗಳ ಹಂಚಿಕೆಯನ್ನು ಈ ಹಂತದಲ್ಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ನಾನು 20ರಲ್ಲಿ ಪ್ರಶ್ನೆ ಗುರುತಿಸಿದ್ದಕ್ಕೆ 4, ಸಂವಿಧಾನದ ಪಠ್ಯ ಹಾಗೂ ತೀರ್ಪುಗಳಿಗೆ 5, ಅವುಗಳನ್ನು ಕೊಟ್ಟಿರುವ ಸಂಗತಿಗೆ ಅನ್ವಯಿಸಿದ್ದಕ್ಕೆ 6, ಎದುರು ಪಕ್ಷದ ವಾದವನ್ನು ನಿಭಾಯಿಸಿದ್ದಕ್ಕೆ 3, ಬರಹದ ಕ್ರಮಕ್ಕೆ 2 ಎಂದು ಹಂಚುತ್ತೇನೆ. ಬೇರೆಯವರು ಬೇರೆ ರೀತಿ ಹಂಚಿಯಾರು. ಆದರೆ ಅನ್ವಯಕ್ಕೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಅಂಕವಿರಲಿ ಎಂಬುದರಲ್ಲಿ ನನ್ನದು ಹಟವೇ. ಕಾನೂನು ಗೊತ್ತಿದ್ದೂ ಅದನ್ನು ಕೈಯಲ್ಲಿರುವ ಸಂಗತಿಗೆ ಹೊಂದಿಸಲು ಬಾರದವನು ಮುಂದೆ ಕಕ್ಷಿದಾರನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಪಠ್ಯವನ್ನು ಓದಿದ್ದಾನೆಯೇ ಎಂದು ನೋಡಿ

ಸಂವಿಧಾನದ ಪಠ್ಯವನ್ನೇ ಓದದೆ, ತೀರ್ಪುಗಳ ಹೆಸರಿನ ಮೇಲೆ ತೇಲುವ ಉತ್ತರಗಳೇ ಕಟ್ಟಿನಲ್ಲಿ ಹೆಚ್ಚು. ಇದನ್ನು ಪತ್ತೆ ಹಚ್ಚಲು ಮೇಲಿನ ಪ್ರಶ್ನೆ ಒಳ್ಳೆಯ ಒರೆಗಲ್ಲು. ಮಾತಿನ ಸ್ವಾತಂತ್ರ್ಯದ ಮೇಲೆ ನಿರ್ಬಂಧ ಹೇರಲು 19(2)ನೇ ವಿಧಿ ಎಂಟು ಆಧಾರಗಳನ್ನು ಕೊಡುತ್ತದೆ: ಭಾರತದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇವುಗಳಲ್ಲಿ ‘ಸಾರ್ವಜನಿಕ ಹಿತ’ ಇಲ್ಲ. ಸಾರ್ವಜನಿಕರ ಹಿತ ಎಂಬ ಆಧಾರ ಬರುವುದು ಸಂಚಾರ, ವಾಸ, ವೃತ್ತಿ, ವ್ಯಾಪಾರಗಳಿಗೆ ಸಂಬಂಧಿಸಿದ 19(5) ಮತ್ತು 19(6)ರಲ್ಲಿ. ಆ ಆಧಾರವನ್ನು ಮಾತಿನ ಹಕ್ಕಿಗೆ ಎಳೆದು ತರುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಸಕಾಳ್ ಪೇಪರ್ಸ್ ಪ್ರಕರಣದಲ್ಲಿ ಹೇಳಿದೆ. ಪತ್ರಿಕೆಗಳ ಪುಟಸಂಖ್ಯೆಗೆ ತಕ್ಕಂತೆ ಬೆಲೆ ಗೊತ್ತುಮಾಡಿದ್ದ ಸರ್ಕಾರ ಅದನ್ನು ಕೇವಲ ವ್ಯಾಪಾರದ ನಿಯಂತ್ರಣವೆಂದು ಸಮರ್ಥಿಸಿಕೊಂಡಾಗ ಬಂದ ತೀರ್ಪು ಅದು. ಈ ಎಂಟರ ಪಟ್ಟಿಯನ್ನು ಕಂಠಪಾಠ ಒಪ್ಪಿಸಿದವನಿಗಿಂತ, ಎಂಟನ್ನೂ ಬರೆಯದೆ ‘ಈ ಪದ ಪಟ್ಟಿಯಲ್ಲಿಲ್ಲ’ ಎಂದು ಗಮನಿಸಿದವನಿಗೆ ಹೆಚ್ಚು ಅಂಕ ಕೊಡಿ.

ಪಟ್ಟಿ ಹೇಗೆ ಬೆಳೆಯಿತೆಂಬುದು ತಿಳಿದಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ರೊಮೇಶ್ ಥಾಪರ್ ಪ್ರಕರಣದ ತೀರ್ಪು ಬಂದ 1950ರಲ್ಲಿ 19(2)ರಲ್ಲಿ ಸಾರ್ವಜನಿಕ ಸುವ್ಯವಸ್ಥೆ ಎಂಬ ಆಧಾರ ಇರಲೇ ಇಲ್ಲ. ಆ ತೀರ್ಪಿನ ಬೆನ್ನಿಗೆ 1951ರ ಮೊದಲನೆಯ ತಿದ್ದುಪಡಿಯು ಅದನ್ನು ಸೇರಿಸಿತು, ನಿರ್ಬಂಧವು ಸಮಂಜಸವಾಗಿರಬೇಕೆಂಬ ಪದವನ್ನೂ ಅಲ್ಲೇ ತಂದಿತು. ಆದ್ದರಿಂದ ‘ರೊಮೇಶ್ ಥಾಪರ್ ಪ್ರಕಾರ ಸುವ್ಯವಸ್ಥೆಯ ಹೆಸರಿನಲ್ಲಿ ಮಾತನ್ನು ನಿರ್ಬಂಧಿಸುವಂತಿಲ್ಲ’ ಎಂದು ಈಗ ಬರೆಯುವ ವಿದ್ಯಾರ್ಥಿ ತೀರ್ಪನ್ನು ಓದಿ ತಿದ್ದುಪಡಿಯನ್ನು ಓದಿಲ್ಲ ಎಂದರ್ಥ. ಇದು ಸಣ್ಣ ತಪ್ಪಲ್ಲ.

ತೀರ್ಪುಗಳನ್ನು ಎಣಿಸಬೇಡಿ, ತೂಗಿ

ತೀರ್ಪುಗಳ ವಿಚಾರದಲ್ಲಿ ಆಗುವ ತಪ್ಪುಗಳು ಒಂದೇ ತೂಕದವಲ್ಲ. ಇಸವಿ ಒಂದು ವರ್ಷ ಆಚೀಚೆಯಾದರೆ ನಾನು ಅಂಕ ಮುಟ್ಟುವುದಿಲ್ಲ. ಹಾಗೆ ಮುಟ್ಟಿ ಒಮ್ಮೆ ತಪ್ಪು ಮಾಡಿದ್ದೇನೆ. ಮೈಸೂರು ರಾಜ್ಯದ ಮೀಸಲಾತಿಯನ್ನು ಕುರಿತ ಎಂ.ಆರ್. ಬಾಲಾಜಿ ಪ್ರಕರಣಕ್ಕೆ ವಿದ್ಯಾರ್ಥಿನಿಯೊಬ್ಬಳು 1962 ಎಂದು ಬರೆದಿದ್ದಳು. ನನ್ನ ಟಿಪ್ಪಣಿಯಲ್ಲಿ 1963 ಎಂದಿದ್ದುದರಿಂದ ಅರ್ಧ ಅಂಕ ಕಳೆದೆ. ತೀರ್ಪು ಬಂದದ್ದು 1962ರ ಸೆಪ್ಟೆಂಬರ್ 28ರಂದು. ಅದು ಅಚ್ಚಾದ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್ ಎಂಬ ತೀರ್ಪುಗಳ ವರದಿ) ಸಂಪುಟ ಮಾತ್ರ 1963ರದು. ಅವಳು ತೀರ್ಪಿನ ಮೊದಲ ಪುಟವನ್ನೇ ಹಿಡಿದು ಬಂದಿದ್ದಳು. ಸಕಾಳ್ ಪೇಪರ್ಸ್ ವಿಷಯವೂ ಹೀಗೆಯೇ: ತೀರ್ಪು 1961ರದು, ವರದಿಯ ಸಂಪುಟ 1962ರದು.

ಅದೇ, ತೀರ್ಪು ಏನು ಹೇಳಿತು ಎಂಬುದರಲ್ಲಿ ತಪ್ಪಿದರೆ ಕೈ ಬಿಗಿ ಮಾಡಬೇಕು. ‘ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದುಪಡಿ ಮಾಡುವಂತಿಲ್ಲ ಎಂದು ಕೇಶವಾನಂದ ಭಾರತಿ ಪ್ರಕರಣ ಹೇಳಿತು’ ಎಂಬ ವಾಕ್ಯ ಪ್ರತಿ ಕಟ್ಟಿನಲ್ಲೂ ಸಿಗುತ್ತದೆ. ಅದನ್ನು ಹೇಳಿದ್ದು 1967ರ ಗೋಲಕ್‌ನಾಥ್ ತೀರ್ಪು, ಹನ್ನೊಂದು ಮಂದಿಯ ಪೀಠದಲ್ಲಿ 6-5ರ ಬಹುಮತದಿಂದ. ಕೇಶವಾನಂದ ತೀರ್ಪು ಅದನ್ನೇ ತಳ್ಳಿಹಾಕಿ, ಯಾವ ಭಾಗವನ್ನಾದರೂ ತಿದ್ದಬಹುದು ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಎರಡನ್ನೂ ಅದಲುಬದಲು ಮಾಡಿದವನಿಗೆ ತಿದ್ದುಪಡಿಯ ಅಧಿಕಾರದ ಇಡೀ ಕಥೆಯೇ ತಲೆಕೆಳಗಾಗಿದೆ.

ರದ್ದಾದ ತೀರ್ಪನ್ನು ಚಾಲ್ತಿಯ ಕಾನೂನೆಂದು ಉಲ್ಲೇಖಿಸುವುದು ಇನ್ನೊಂದು ಭಾರಿ ತಪ್ಪು. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದ, 1976ರ ಎಡಿಎಂ ಜಬಲ್ಪುರ ತೀರ್ಪನ್ನು 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಒಂಬತ್ತು ಮಂದಿಯ ಪೀಠ ಹೆಸರೆತ್ತಿ ತಳ್ಳಿಹಾಕಿದೆ. ಇತಿಹಾಸ ಹೇಳಲು ಅದನ್ನು ಬಳಸಿದ್ದರೆ ಸರಿ; ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕೊಡುವ 21ನೇ ವಿಧಿಯ ಇಂದಿನ ವ್ಯಾಪ್ತಿಗೆ ಆಧಾರವಾಗಿ ಕೊಟ್ಟಿದ್ದರೆ ಅಂಕವಿಲ್ಲ. ಭಿನ್ನಮತದ ತೀರ್ಪಿನ ಮಾತನ್ನು ನ್ಯಾಯಾಲಯದ ಮಾತೆಂದು ಬರೆಯುವುದೂ ಇದೇ ಜಾತಿಯದು. ಜಬಲ್ಪುರ ಪ್ರಕರಣದಲ್ಲಿ ನ್ಯಾಯಮೂರ್ತಿ ಖನ್ನಾ ಅವರ ನಿಲುವು ಎಷ್ಟೇ ಎತ್ತರದ್ದಾಗಿರಲಿ, ಅಂದಿಗೆ ಅದು ಐವರಲ್ಲಿ ಒಬ್ಬರ ಮಾತು. ‘ಭಿನ್ನಮತದ ತೀರ್ಪಿನಲ್ಲಿ’ ಎಂಬ ಎರಡು ಪದ ಸೇರಿಸಿದ್ದರೆ ಪೂರ್ಣ ಅಂಕ, ಸೇರಿಸದಿದ್ದರೆ ಅರ್ಧ.

ಒಂದು ತಪ್ಪಿಗೆ ಎರಡು ಸಲ ಶಿಕ್ಷೆ ಬೇಡ. ವಿದ್ಯಾರ್ಥಿ ಆರಂಭದಲ್ಲಿ ತೀರ್ಪನ್ನು ತಪ್ಪಾಗಿ ಹೇಳಿ, ಮುಂದಿನ ಎರಡು ಪುಟ ಆ ತಪ್ಪು ತಿಳಿವಳಿಕೆಗೆ ನಿಷ್ಠನಾಗಿ, ತರ್ಕ ಕೆಡದಂತೆ ವಾದಿಸಿದ್ದರೆ, ಪಠ್ಯ ಹಾಗೂ ತೀರ್ಪಿನ ಐದರಲ್ಲಿ ಕಳೆಯಿರಿ. ಅನ್ವಯದ ಆರನ್ನು ಮುಟ್ಟಬೇಡಿ.

ಕೇಳಿರದ ತೀರ್ಪಿನ ಹೆಸರು ಕಂಡರೆ ನಂಬುವುದೂ ಬೇಡ, ಕೆಂಪು ಗೀಟು ಎಳೆಯುವುದೂ ಬೇಡ. ಬದಿಯಲ್ಲಿ ಚುಕ್ಕೆ ಇಟ್ಟು ಆಮೇಲೆ ಹುಡುಕಿ. ಮನೆಯಲ್ಲಿ ಬರೆದು ತರುವ ಪ್ರಬಂಧಗಳಲ್ಲಿ, ಕಂಪ್ಯೂಟರ್ ಬರೆದುಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳು ಈಗ ಬರತೊಡಗಿವೆ. ಅಂಥದ್ದು ಸಿಕ್ಕಿದರೆ ವಿದ್ಯಾರ್ಥಿಯನ್ನು ಕರೆದು ಆ ತೀರ್ಪಿನ ಪ್ರತಿ ತರಲು ಹೇಳುವುದೇ ನೇರವಾದ ದಾರಿ.

ಎರಡು ಉತ್ತರಗಳು

ಅನ್ವಯ ಎಂದರೇನೆಂಬುದನ್ನು ವಿವರಿಸುವುದಕ್ಕಿಂತ ತೋರಿಸುವುದು ಮೇಲು. ಭಿತ್ತಿಪತ್ರದ ಪ್ರಶ್ನೆಗೆ ಬರುವ ಉತ್ತರಗಳು ಹೇಗಿರುತ್ತವೆಂಬುದಕ್ಕೆ ಎರಡು ಮಾದರಿಗಳನ್ನು ನಾನೇ ಬರೆದಿದ್ದೇನೆ. ಮೊದಲನೆಯದು:

“ವಾಕ್ ಸ್ವಾತಂತ್ರ್ಯವು ಪ್ರಜಾಪ್ರಭುತ್ವದ ಜೀವಾಳವಾಗಿದೆ. ರೊಮೇಶ್ ಥಾಪರ್, ಸಕಾಳ್ ಪೇಪರ್ಸ್, ಬೆನೆಟ್ ಕೋಲ್ಮನ್, ಮನೇಕಾ ಗಾಂಧಿ, ಶ್ರೇಯಾ ಸಿಂಘಲ್ ಮುಂತಾದ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿ ಹಿಡಿದಿದೆ. ಆದರೆ ಯಾವ ಹಕ್ಕೂ ನಿರಪೇಕ್ಷವಲ್ಲ. ಸಮಂಜಸ ನಿರ್ಬಂಧಗಳನ್ನು ಹೇರಬಹುದು. ಪ್ರಸ್ತುತ ಆದೇಶವು ಸಮಂಜಸವಲ್ಲದ ಕಾರಣ ಅಸಿಂಧುವಾಗಿದೆ.”

ಎರಡನೆಯದು: “ಕಾಯ್ದೆಯು ಸಾರ್ವಜನಿಕ ಹಿತ ಎನ್ನುತ್ತದೆ. ಈ ಪದ 19(2)ರಲ್ಲಿ ಇಲ್ಲ. ಸಕಾಳ್ ಪೇಪರ್ಸ್ ಪ್ರಕಾರ ವ್ಯಾಪಾರದ ಹಕ್ಕಿಗೆ ಇರುವ ಆಧಾರವನ್ನು ಮಾತಿಗೆ ಬಳಸುವಂತಿಲ್ಲ. ಇದನ್ನು ಸಾರ್ವಜನಿಕ ಸುವ್ಯವಸ್ಥೆ ಎಂದು ಓದಿಕೊಳ್ಳಬೇಕೆಂದು ಸರ್ಕಾರ ಹೇಳಬಹುದು. ಹಾಗೆ ಓದಿದರೂ, ನೀರು ಬರುತ್ತಿಲ್ಲ ಎಂದು ಬರೆದ ಕಾಗದದಿಂದ ಗಲಭೆ ಹೇಗೆ ಆಗುತ್ತದೆಂದು ಆದೇಶ ಹೇಳಿಲ್ಲ.”

ಮೊದಲನೆಯದರಲ್ಲಿ ಐದು ತೀರ್ಪುಗಳಿವೆ, ಭಾಷೆಯೂ ನಯವಾಗಿದೆ. ಭಿತ್ತಿಪತ್ರ, ನೀರು, ತೊಂಬತ್ತು ದಿನ ಇವು ಯಾವುವೂ ಇಲ್ಲ. ಇದೇ ಉತ್ತರವನ್ನು ಚಲನಚಿತ್ರದ ಸೆನ್ಸಾರ್ ಕುರಿತ ಪ್ರಶ್ನೆಗೂ ಅಂಟಿಸಬಹುದು. ಬೇರೆ ಪ್ರಶ್ನೆಗೂ ಅಂಟಿಸಬಹುದಾದ ಪರಿಚ್ಛೇದಕ್ಕೆ ಅನ್ವಯದ ಅಂಕ ಸೊನ್ನೆ. ಇದು ನಾನು ಮುರಿಯದ ನಿಯಮ. ಎರಡನೆಯದರಲ್ಲಿ ಇರುವುದು ಒಂದೇ ತೀರ್ಪು, ವಾಕ್ಯಗಳು ಮೊಂಡು. ಆದರೆ ಪ್ರತಿ ವಾಕ್ಯವೂ ಹಿಂದಿನದರ ಹೆಗಲ ಮೇಲೆ ಕೂತಿದೆ. ಸರ್ಕಾರದ ವಾದವನ್ನು ತಾನೇ ಕಲ್ಪಿಸಿ, ಒಪ್ಪಿಕೊಂಡು ನೋಡಿ, ಆಗಲೂ ಆದೇಶ ನಿಲ್ಲದು ಎಂದು ತೋರಿಸಿದೆ. ಅನ್ವಯದ ಆರರಲ್ಲಿ ನಾಲ್ಕೂವರೆ, ಎದುರುವಾದದ ಮೂರರಲ್ಲಿ ಎರಡು ಕೊಡುತ್ತೇನೆ. ಕಾಯ್ದೆಯನ್ನೂ ಆದೇಶವನ್ನೂ ಬೇರ್ಪಡಿಸಿಲ್ಲ, ಪದದ ಅಸ್ಪಷ್ಟತೆಯನ್ನು ಎತ್ತಿಲ್ಲ. ಅದನ್ನು ಎತ್ತಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು 2015ರಲ್ಲಿ ಹೊಡೆದುಹಾಕಿದ ಶ್ರೇಯಾ ಸಿಂಘಲ್ ತೀರ್ಪನ್ನು ಜೋಡಿಸಿದ್ದರೆ ಅಂಕ ಇನ್ನೂ ಏರುತ್ತಿತ್ತು. ಕಾನೂನು ಮತ್ತು ಸುವ್ಯವಸ್ಥೆ, ಸಾರ್ವಜನಿಕ ಸುವ್ಯವಸ್ಥೆ, ರಾಜ್ಯದ ಭದ್ರತೆ ಎಂಬ ಒಂದರೊಳಗೊಂದು ಕೂತ ಮೂರು ವೃತ್ತಗಳ ಚಿತ್ರವನ್ನು ರಾಮ್ ಮನೋಹರ್ ಲೋಹಿಯಾ ಪ್ರಕರಣದಿಂದ ತಂದು, ನೀರಿನ ಭಿತ್ತಿಪತ್ರ ಬಹಳವೆಂದರೆ ಹೊರಗಿನ ವೃತ್ತದಲ್ಲಿ ನಿಂತೀತು ಎಂದು ಬರೆದ ಉತ್ತರಕ್ಕೆ ನಾನಂತೂ ಆರಕ್ಕೆ ಆರು ಕೊಡುತ್ತೇನೆ.

ಒಂದು ಮಾತು ಸೇರಿಸಬೇಕು. ರಿಟ್ (ಹಕ್ಕುಗಳ ರಕ್ಷಣೆಗೆ ನ್ಯಾಯಾಲಯ ಹೊರಡಿಸುವ ಆಜ್ಞೆ) ಕುರಿತ ಯಾವ ಪ್ರಶ್ನೆ ಕೇಳಿದರೂ ಅರ್ಧ ತರಗತಿ ‘32ನೇ ವಿಧಿ ಸಂವಿಧಾನದ ಹೃದಯ ಮತ್ತು ಆತ್ಮ ಎಂದು ಅಂಬೇಡ್ಕರ್ ಹೇಳಿದ್ದಾರೆ’ ಎಂದೇ ಶುರುಮಾಡುತ್ತದೆ. ಮೂಲಭೂತ ಹಕ್ಕುಗಳಿಗಾಗಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕೊಡುವ ಆ ವಿಧಿಯ ಬಗ್ಗೆ 1948ರ ಡಿಸೆಂಬರ್ 9ರಂದು ಸಂವಿಧಾನ ಸಭೆಯಲ್ಲಿ ಅವರು ಆ ಅರ್ಥದ ಮಾತನ್ನು ಆಡಿದ್ದು ನಿಜ. ಆಗ ಕರಡಿನಲ್ಲಿ ಅದು 25ನೇ ವಿಧಿಯಾಗಿತ್ತು. ಆ ಮಾತಿನಿಂದ ವಾದ ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಅಂಕ ಕೊಡಿ, ಅಲಂಕಾರಕ್ಕೆ ಬಂದಿದ್ದರೆ ಓದಿ ಮುಂದೆ ಸಾಗಿ.

ನಿಮ್ಮ ಅಭಿಪ್ರಾಯವನ್ನು ಕೋಣೆಯ ಹೊರಗಿಡಿ

ಮೀಸಲಾತಿ, ಧಾರ್ಮಿಕ ಸ್ವಾತಂತ್ರ್ಯ, ರಾಜ್ಯಪಾಲರ ಅಧಿಕಾರ ಇವುಗಳ ಬಗ್ಗೆ ಅಭಿಪ್ರಾಯವೇ ಇಲ್ಲದ ಅಧ್ಯಾಪಕರನ್ನು ನಾನು ಕಂಡಿಲ್ಲ. ನಮಗೆ ಹಿಡಿಸದ ನಿಲುವಿನ ಉತ್ತರವನ್ನು ಓದುವಾಗ ಅದರ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ, ಹಿಡಿಸಿದ ಉತ್ತರದ ಬಿರುಕು ಕಾಣುವುದೇ ಇಲ್ಲ. ಇದಕ್ಕೆ ಒಂದು ಉಪಾಯವಿದೆ: ಕಡಿಮೆ ಅಂಕ ಹಾಕಲು ಕೈ ಹೋದಾಗಲೆಲ್ಲ, ಇದೇ ಗುಣಮಟ್ಟದ ತರ್ಕದಿಂದ ವಿದ್ಯಾರ್ಥಿ ನನ್ನ ನಿಲುವಿಗೆ ಬಂದಿದ್ದರೆ ಎಷ್ಟು ಕೊಡುತ್ತಿದ್ದೆ ಎಂದು ಕೇಳಿಕೊಳ್ಳಿ. 2018ರ ಶಬರಿಮಲೆ ತೀರ್ಪು 4-1ರದು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರ ಭಿನ್ನಮತವನ್ನು ಒಪ್ಪಿ ಬರೆದವನೂ ಬಹುಮತವನ್ನು ಒಪ್ಪಿ ಬರೆದವನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ವ್ಯಕ್ತಿಯ ಸ್ವಾತಂತ್ರ್ಯ ಕಸಿಯುವ ಕ್ರಮ ನ್ಯಾಯಯುತವಾಗಿರಬೇಕೆಂದು ನ್ಯಾಯಮೂರ್ತಿ ಫಜಲ್ ಅಲಿ ಬರೆದ ಭಿನ್ನಮತದ ನಿಲುವು 1978ರ ಮನೇಕಾ ಗಾಂಧಿ ತೀರ್ಪಿನ ಹೊತ್ತಿಗೆ ಕಾನೂನಿನ ಮುಖ್ಯ ಧಾರೆಯೇ ಆಗಿತ್ತು.

ಹಾಗೆಂದು ‘ನನ್ನ ಅಭಿಪ್ರಾಯದಲ್ಲಿ’ ಎಂದು ಶುರುವಾದದ್ದಕ್ಕೆಲ್ಲ ಅಂಕವಿಲ್ಲ. ಎದುರು ಪಕ್ಷದ ಅತ್ಯಂತ ಬಲವಾದ ವಾದವನ್ನು ಎತ್ತಿಕೊಂಡಿದ್ದಾನೆಯೇ, ಸುಲಭಕ್ಕೆ ಬೀಳುವ ವಾದವನ್ನಷ್ಟೇ ಹೊಡೆದಿದ್ದಾನೆಯೇ ಎಂದು ನೋಡಿ. ಆರ್ಥಿಕವಾಗಿ ದುರ್ಬಲರಿಗೆ ಮೀಸಲಾತಿ ಕೊಟ್ಟ 103ನೇ ತಿದ್ದುಪಡಿಯನ್ನು ವಿರೋಧಿಸುವ ಉತ್ತರವು 2022ರಲ್ಲಿ ಅದನ್ನು 3-2ರಿಂದ ಎತ್ತಿಹಿಡಿದ ತೀರ್ಪಿಗೆ ಮುಖಾಮುಖಿಯಾಗದೆ, 1992ರ ಇಂದ್ರಾ ಸಾಹ್ನಿ ತೀರ್ಪಿನ ಶೇ 50ರ ಮಿತಿಯನ್ನಷ್ಟೇ ಮತ್ತೆ ಮತ್ತೆ ಹೇಳಿದರೆ, ಎದುರುವಾದದ ಮೂರು ಅಂಕದಲ್ಲಿ ಒಂದೂ ಸಿಗುವುದಿಲ್ಲ.

ಭಾಷೆಗೆ ಎಷ್ಟು

ಕನ್ನಡದಲ್ಲಿ ಬರೆದ ಉತ್ತರಗಳನ್ನು ತಿದ್ದುವಾಗ ಪಾರಿಭಾಷಿಕ ಪದಗಳ ವಿಚಾರದಲ್ಲಿ ಉದಾರವಾಗಿರಿ. ಒಬ್ಬರು ‘ವಿಧಿ’ ಎಂದರೆ ಇನ್ನೊಬ್ಬರು ‘ಅನುಚ್ಛೇದ’ ಎನ್ನುತ್ತಾರೆ. ‘ಪ್ರಕರಣ’ ಎಂಬ ಪದವಂತೂ ಕಾಯ್ದೆಯ ಸೆಕ್ಷನ್ನಿಗೂ ನ್ಯಾಯಾಲಯದ ಕೇಸಿಗೂ ಸಲ್ಲುವುದರಿಂದ, ‘ಈ ಪ್ರಕರಣವು ಅಸಿಂಧು’ ಎಂಬ ವಾಕ್ಯವನ್ನು ಸಂದರ್ಭ ನೋಡಿಯೇ ಓದಬೇಕು. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ. ವಾಕ್ಯದ ಅರ್ಥವೇ ಆಗದಿದ್ದರೆ ಮಾತ್ರ, ಆಗದ ಆ ಭಾಗಕ್ಕೆ ಅಂಕವಿಲ್ಲ.

ಎಲ್ಲರಿಗೂ ಒಂದೇ ಅಳತೆಗೋಲು

ಮೊದಲ ಹತ್ತು ಉತ್ತರಗಳನ್ನು ಪೆನ್ಸಿಲಿನಲ್ಲಿ ಅಂಕ ಹಾಕಿ ಬದಿಗಿಡಿ. ಕಟ್ಟಿನ ಆರಂಭದಲ್ಲಿ ನಮ್ಮ ನಿರೀಕ್ಷೆ ಆಕಾಶದಲ್ಲಿರುತ್ತದೆ. ಐವತ್ತನೆಯದಕ್ಕೆ ಬರುವಾಗ ಅದು ನೆಲಕ್ಕಿಳಿದು, ಸಾಧಾರಣ ಉತ್ತರವೂ ಚೆನ್ನಾಗಿ ಕಾಣತೊಡಗುತ್ತದೆ. ಕಟ್ಟು ಮುಗಿದ ಮೇಲೆ ಆ ಹತ್ತನ್ನು ಮತ್ತೆ ಓದಿದರೆ, ಎರಡು ಮೂರರಲ್ಲಾದರೂ ಅಂಕ ಬದಲಾಗುತ್ತದೆ. ಹಲವು ಪ್ರಶ್ನೆಗಳಿದ್ದರೆ ಒಬ್ಬ ವಿದ್ಯಾರ್ಥಿಯ ಇಡೀ ಪುಸ್ತಿಕೆಯನ್ನು ಒಮ್ಮೆಗೇ ತಿದ್ದದೆ, ಎಲ್ಲರ ಮೊದಲನೆಯ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯದು, ಹೀಗೆ ಸಾಗಿ. ಇಲ್ಲವಾದರೆ ಮೊದಲ ಉತ್ತರದ ಪ್ರಭೆಯೋ ಮಸಿಯೋ ಉಳಿದವುಗಳ ಮೇಲೂ ಬೀಳುತ್ತದೆ. ಹೆಸರು ಕಾಣುವಂತಿದ್ದರೆ ಪುಟ ಮಡಿಸಿಡಿ. ತರಗತಿಯಲ್ಲಿ ಚುರುಕಾಗಿ ಮಾತನಾಡುವ ಹುಡುಗನ ಕೈಬರಹ ಕಂಡಾಕ್ಷಣ, ಆತ ಬರೆಯದೆ ಬಿಟ್ಟದ್ದನ್ನೂ ನಾವೇ ತುಂಬಿಕೊಂಡು ಓದಿಬಿಡುತ್ತೇವೆ.

ಕಟ್ಟಿನ ನಡುವೆ ಯಾರೋ ಒಬ್ಬರು ನೀವು ಯೋಚಿಸಿಯೇ ಇರದ ವಾದವನ್ನು ಎತ್ತಿರುತ್ತಾರೆ. ಭಿತ್ತಿಪತ್ರದ ಪ್ರಶ್ನೆಗೆ, ಟೀಕಿಸಿದ್ದು ಜಿಲ್ಲಾಡಳಿತವನ್ನೇ ಆದ್ದರಿಂದ ಜಿಲ್ಲಾಧಿಕಾರಿ ತಮ್ಮ ವಿಷಯದಲ್ಲಿ ತಾವೇ ನ್ಯಾಯಾಧೀಶರಾದರು ಎಂಬ ವಾದವನ್ನು ಸಹಜ ನ್ಯಾಯದ ತತ್ತ್ವದಡಿ ತಂದರೆ, ಹಂಚಿಕೆಯ ಪಟ್ಟಿಯಲ್ಲಿ ಅದಿಲ್ಲ ಎಂದು ಬಿಡಬಾರದು. ಪಟ್ಟಿಗೆ ಸೇರಿಸಿ, ಈಗಾಗಲೇ ತಿದ್ದಿದ ಉತ್ತರಗಳಲ್ಲಿ ಬೇರೆ ಯಾರಾದರೂ ಅದನ್ನು ಹೇಳಿದ್ದಾರೆಯೇ ಎಂದು ತಿರುಗಿ ನೋಡಿ. ಬೇಸರದ ಕೆಲಸ, ಆದರೂ ಮಾಡಲೇಬೇಕು.

ಬದಿಯ ಟಿಪ್ಪಣಿ ಮತ್ತು ಲೆಕ್ಕ

‘ಇನ್ನಷ್ಟು ವಿವರಿಸಬೇಕಿತ್ತು’ ಎಂಬ ಟಿಪ್ಪಣಿಯಿಂದ ಯಾರೂ ಏನನ್ನೂ ಕಲಿತದ್ದಿಲ್ಲ. ‘90 ದಿನ ಏಕೆ ಅತಿಯೆಂದು ಬರೆದಿಲ್ಲ, ಕಡಿಮೆ ಕಠಿಣವಾದ ದಾರಿ ಇತ್ತೇ?’ ಎಂದು ಬರೆದರೆ, ವಿದ್ಯಾರ್ಥಿಗೆ ತಾನು ಬಿಟ್ಟದ್ದು ಪ್ರಮಾಣಾನುಗುಣತೆಯ ಪರೀಕ್ಷೆಯ ಯಾವ ಮೆಟ್ಟಿಲೆಂಬುದು ಗೊತ್ತಾಗುತ್ತದೆ: ಉದ್ದೇಶ ನ್ಯಾಯಸಮ್ಮತವೇ, ಕ್ರಮಕ್ಕೂ ಉದ್ದೇಶಕ್ಕೂ ನಂಟಿದೆಯೇ, ಇದಕ್ಕಿಂತ ಸೌಮ್ಯವಾದ ಉಪಾಯವಿತ್ತೇ, ಹಕ್ಕಿಗಾದ ನಷ್ಟ ಮತ್ತು ಸಿಕ್ಕ ಪ್ರಯೋಜನ ತೂಗುತ್ತವೆಯೇ. ಒಂದು ಉತ್ತರಕ್ಕೆ ಇಂಥ ಎರಡು ಟಿಪ್ಪಣಿ ಸಾಕು. ಪುಟವೆಲ್ಲ ಕೆಂಪಾದರೆ ಯಾರೂ ಓದುವುದಿಲ್ಲ.

ಕೊನೆಗೆ, ಐದೂ ಭಾಗಗಳ ಅಂಕವನ್ನು ಉತ್ತರದ ಕೆಳಗೆ ಬಿಡಿಬಿಡಿಯಾಗಿ ಬರೆದು ಕೂಡಿಸಿ, ಕೂಡಿದ್ದನ್ನು ಇನ್ನೊಮ್ಮೆ ಕೂಡಿಸಿ. ಮರು ಮೌಲ್ಯಮಾಪನಕ್ಕೆ ಬರುವ ಅರ್ಜಿಗಳಲ್ಲಿ ಕೂಡಿಸುವಾಗ ಆದ ತಪ್ಪಿನವು ಇದ್ದೇ ಇರುತ್ತವೆ. ವಿದ್ಯಾರ್ಥಿ ಬಂದು ‘ನನಗೇಕೆ ಹನ್ನೊಂದು, ಅವಳಿಗೇಕೆ ಹದಿನಾಲ್ಕು’ ಎಂದು ಕೇಳಿದಾಗ, 4ರಲ್ಲಿ 3, 5ರಲ್ಲಿ 4, 6ರಲ್ಲಿ 2, 3ರಲ್ಲಿ 1, 2ರಲ್ಲಿ 1 ಎಂದು ತೋರಿಸಿದರೆ ಆತನ ಕಣ್ಣು ತಾನಾಗಿಯೇ ಆ 6ರಲ್ಲಿನ 2ರ ಮೇಲೆ ಹೋಗಿ ನಿಲ್ಲುತ್ತದೆ.